ಮೂರು ಫೈಲು, ಒಂದೇ ಉಸಿರು

(ನಮ್ಮ ಸಂಘದ ಮಹಿಳಾ ವೇದಿಕೆಯ ಚಳಿಗಾಲದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವಳು. ಹಾಗಾಗಿ ನಾನು ಇವತ್ತು ಹೇಳುವುದು ಔಷಧಿ ಚೀಟಿಯಲ್ಲ. ನಮ್ಮ ಮನೆಯಲ್ಲಿ ಒಂದು ರಾತ್ರಿ ನಡೆದದ್ದು, ಆಮೇಲೆ ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದು, ಅಷ್ಟೇ.

ಶುರು ಮಾಡುವ ಮುಂಚೆ ಒಂದು ಪ್ರಶ್ನೆ. ‘ನನಗೆ ಸೈನಸ್ ಇದೆ’ ಅನ್ನುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆಯೇ ಎತ್ತಿತು. ಈಗ ಇನ್ನೊಂದು ಪ್ರಶ್ನೆ. ಆಸ್ತಮಾ ಅಥವಾ ವರ್ಷಗಟ್ಟಲೆ ಇರುವ ಕೆಮ್ಮು ದಮ್ಮು ಎಷ್ಟು ಜನರಿಗಿದೆ? ಮೂರೇ ಕೈ! ಇದರಲ್ಲಿ ಸ್ವಲ್ಪ ಸಂಕೋಚವೂ ಇದೆ ಅಂತ ನನ್ನ ಅನುಮಾನ. ಸೈನಸ್ ಅಂದರೆ ನಾವು ನಗುತ್ತಾ ಹೇಳಿಕೊಳ್ಳುತ್ತೇವೆ, ಆಸ್ತಮಾ ಅಂದರೆ ದನಿ ತಗ್ಗಿಸುತ್ತೇವೆ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಈ ಎರಡೂ ನಾವು ಅಂದುಕೊಂಡಷ್ಟು ಬೇರೆ ಬೇರೆ ಕಾಯಿಲೆಗಳಲ್ಲ.

ನಮ್ಮ ಅತ್ತೆಯವರದು ತೀರ್ಥಹಳ್ಳಿ ಕಡೆಯ ಊರು. ಇಲ್ಲಿ ಅವರ ವಿಷಯ ಹೇಳಲು ಅವರ ಒಪ್ಪಿಗೆ ತೆಗೆದುಕೊಂಡೇ ಬಂದಿದ್ದೇನೆ. "ನನ್ನ ಹೆಸರು ಒಂದು ಹೇಳ್ಬೇಡ, ಉಳಿದದ್ದೆಲ್ಲ ಹೇಳು" ಅಂದಿದ್ದಾರೆ. ಅವರಿಗೆ ವರ್ಷವಿಡೀ ಶೀತ. ಮೂಗು ಕಟ್ಟಿಯೇ ಇರುತ್ತಿತ್ತು. ಊರ ಹತ್ತಿರದ ಆಸ್ಪತ್ರೆಯಲ್ಲಿ ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ’ ಅಂತ ಆಪರೇಷನ್ ಆಗಿತ್ತು. ಎರಡು ವರ್ಷದಲ್ಲಿ ಮತ್ತೆ ಬೆಳೆಯಿತು. ಐವತ್ತರ ಆಸುಪಾಸಿನಲ್ಲಿ ಉಬ್ಬಸ ಶುರುವಾಯಿತು. ಅದಕ್ಕೆ ಬೇರೆ ಡಾಕ್ಟರು, ಇನ್ಹೇಲರು. ಆಮೇಲೆ ಮಂಡಿ ನೋವು. ಅದಕ್ಕೆ ಮೂಳೆ ಡಾಕ್ಟರು. ಹೀಗೆ ಮೂರು ಫೈಲುಗಳಾದವು. ಮೂರನ್ನೂ ಅವರು ಜವಳಿ ಅಂಗಡಿಯ ಒಂದೇ ಕೈಚೀಲದಲ್ಲಿಟ್ಟು ನೋಯ್ಡಾಕ್ಕೆ ತಂದಿದ್ದರು. ಒಂದೇ ಚೀಲದಲ್ಲಿದ್ದವು, ಆದರೆ ಮೂರನ್ನೂ ಒಟ್ಟಿಗೆ ಬಿಡಿಸಿ ಓದಿದವರು ಯಾರೂ ಇರಲಿಲ್ಲ. ನಾನೂ ಓದಿರಲಿಲ್ಲ.

ಎರಡು ವರ್ಷದ ಹಿಂದಿನ ನವೆಂಬರ್. ದೀಪಾವಳಿ ಮುಗಿದ ವಾರ. ಹೊರಗೆ ಎದುರಿನ ಟವರ್ ಕಾಣದಷ್ಟು ಹೊಗೆ, ಎಕ್ಯೂಐ ನಾನೂರರ ಮೇಲೆ. ಅತ್ತೆಗೆ ಮಂಡಿ ನೋವು ಜೋರಾಗಿತ್ತು. ರಾತ್ರಿ ಒಂಬತ್ತಕ್ಕೆ ನಾನೇ ನನ್ನ ಡ್ರಾಯರಿನಲ್ಲಿದ್ದ ನೋವಿನ ಮಾತ್ರೆ ಕೊಟ್ಟೆ. ನನಗೆ ತಿಂಗಳ ಹೊಟ್ಟೆನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೆನ್ ಮಾತ್ರೆ ಅದು. ಅವರು ಕೈಯಲ್ಲಿ ಹಿಡಿದು, "ಈ ನಮೂನೆ ಮಾತ್ರೆ ನಂಗೆ ಆಗಿ ಬರೂದಿಲ್ಲ ಕಣೇ" ಅಂದರು. ಉಷ್ಣ ಆಗುತ್ತದೆ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. "ಊಟ ಆಗಿದೆಯಲ್ಲ ಅತ್ತೆ, ಏನೂ ಆಗಲ್ಲ, ಮಜ್ಜಿಗೆ ಕುಡೀರಿ" ಅಂದೆ. ಸೊಸೆ ಓದಿದವಳು ಅಂತ ನಂಬಿ ನುಂಗಿದರು.

ಮುಕ್ಕಾಲು ಗಂಟೆಯಲ್ಲಿ ಮೂಗು ಪೂರ್ತಿ ಕಟ್ಟಿತು, ಕಣ್ಣು ಮುಖ ಕೆಂಪಾದವು. ಇನ್ನರ್ಧ ಗಂಟೆಯಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ಆಗದ ಉಬ್ಬಸ. ಇನ್ಹೇಲರ್ ಎಳೆದುಕೊಂಡರೂ ಇಳಿಯಲಿಲ್ಲ. ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆವು. ಆಕ್ಸಿಜನ್, ನೆಬುಲೈಸರ್, ಇಂಜೆಕ್ಷನ್. ಮಾಲಿನ್ಯದಿಂದ ಹೀಗಾಯಿತು ಅಂತ ನಾನು ಹೇಳುತ್ತಲೇ ಇದ್ದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ್ದು ಮೂರೇ ಪ್ರಶ್ನೆ. ಇವರ ಮೂಗಿನಲ್ಲಿ ದುರ್ಮಾಂಸ ಇದೆಯಾ? ಇವರಿಗೆ ವಾಸನೆ ಗೊತ್ತಾಗುತ್ತದಾ? ಸಂಜೆಯಿಂದ ಯಾವ ಮಾತ್ರೆ ತಗೊಂಡರು?

ಮೂರು ಫೈಲು, ಮೂರು ಪ್ರಶ್ನೆ. ನನ್ನ ಕೆಲಸವೇ ಬೇರೆ ಬೇರೆ ಸಿಸ್ಟಂಗಳನ್ನು ಒಂದಕ್ಕೊಂದು ಜೋಡಿಸುವುದು. ಮನೆಯೊಳಗಿನ ಮೂರು ಫೈಲು ಜೋಡಿಸಲು ನನಗೆ ಹೊಳೆದಿರಲಿಲ್ಲ.

ಅತ್ತೆ ಮೂರು ದಿನಕ್ಕೆ ಮನೆಗೆ ಬಂದರು. ಅವರಿಗಿದ್ದದ್ದು ವೈದ್ಯಲೋಕಕ್ಕೆ ಹೊಸದೇನಲ್ಲ. ಮೂಗಿನಲ್ಲಿ ಪಾಲಿಪ್, ಅಂದರೆ ನಾವು ದುರ್ಮಾಂಸ ಅನ್ನುವುದು, ಜೊತೆಗೆ ಆಸ್ತಮಾ, ಜೊತೆಗೆ ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ಆಗದಿರುವುದು, ಈ ಮೂರೂ ಒಟ್ಟಿಗಿರುವ ಕಾಯಿಲೆ. 1922ರಲ್ಲೇ ಫ್ರಾನ್ಸಿನಲ್ಲಿ ವಿಡಾಲ್ ಎಂಬ ವೈದ್ಯರು ಇದನ್ನು ಬರೆದಿಟ್ಟಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ವಿವರವಾಗಿ ಬರೆದ ಮೇಲೆ ಇದಕ್ಕೆ ‘ಸ್ಯಾಮ್ಟರ್ ತ್ರಿಕೂಟ’ ಎಂಬ ಹೆಸರು ನಿಂತಿತು. ಆಸ್ತಮಾ ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು ಏಳು ಜನರಿಗೆ ಇದು ಇರುತ್ತದೆ. ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಶುರು, ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಮೊದಲು ಬಿಡದ ಶೀತ, ಆಮೇಲೆ ವಾಸನೆ ಹೋಗುವುದು, ಆಮೇಲೆ ದಮ್ಮು. ಆಪರೇಷನ್ ಮಾಡಿ ತೆಗೆದರೂ ಪಾಲಿಪ್ ಮತ್ತೆ ಬೆಳೆಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇಂಥವನ್ನು ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ ಉಬ್ಬಸ ಬರುತ್ತದೆ. ನಮ್ಮ ಅತ್ತೆಯ ಇತಿಹಾಸವನ್ನು ಪುಸ್ತಕದಲ್ಲಿ ಯಾರೋ ಬರೆದಿಟ್ಟ ಹಾಗಿತ್ತು.

ಹಾಗಂತ ಆಸ್ತಮಾ ಇರುವವರೆಲ್ಲ ನೋವಿನ ಮಾತ್ರೆಗೆ ಹೆದರಬೇಕಾಗಿಲ್ಲ. ಆದರೆ ದುರ್ಮಾಂಸ, ಆಸ್ತಮಾ ಎರಡೂ ಇದ್ದರೆ, ಅಥವಾ ಹಿಂದೆ ಒಮ್ಮೆ ಮಾತ್ರೆ ನುಂಗಿ ಮೂಗು ಕಟ್ಟಿದ್ದು ನೆನಪಿದ್ದರೆ, ಡಾಕ್ಟರನ್ನು ಕೇಳದೆ ಈ ಗುಂಪಿನ ಮಾತ್ರೆ ಬೇಡ. ಪ್ಯಾರಾಸಿಟಮಾಲ್ ಸಾಮಾನ್ಯ ಪ್ರಮಾಣದಲ್ಲಿ ಹೆಚ್ಚಿನವರಿಗೆ ಆಗುತ್ತದೆ, ಅದನ್ನೂ ನಿಮ್ಮ ಡಾಕ್ಟರೇ ಹೇಳಲಿ. ಕಾಂಬಿಫ್ಲಾಮ್‌ನಂಥ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಕೂಡ ಇರುತ್ತದೆ. ಹಾಗಾಗಿ ಮೇಲಿನ ಹೆಸರು ನೋಡಿದರೆ ಸಾಲದು, ಸ್ಟ್ರಿಪ್‌ನ ಹಿಂಬದಿ ಓದಿ.

ಇದು ಒಂದು ಮನೆಯ ಕಥೆ. ಈಗ, ಮೂಗಿಗೂ ಎದೆಗೂ ಇಷ್ಟು ನಂಟು ಯಾಕೆ ಅಂತ ನೋಡೋಣ.

ನಮ್ಮ ಮೂಗಿನ ಸುತ್ತ ಮೂಳೆಯೊಳಗೆ ನಾಲ್ಕು ಜೊತೆ ಪೊಳ್ಳು ಕೋಣೆಗಳಿವೆ. ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಇನ್ನೂ ಹಿಂದೆ ಒಳಗೆ. ಇವೇ ಸೈನಸ್‌ಗಳು. ಅಂದರೆ ಸೈನಸ್ ಕಾಯಿಲೆಯ ಹೆಸರಲ್ಲ, ಎಲ್ಲರಿಗೂ ಇರುವ ಕೋಣೆ. ಆ ಕೋಣೆಯ ಬಾಗಿಲು ಊದಿಕೊಂಡು ಮುಚ್ಚಿ, ಒಳಗಿನ ಲೋಳೆ ಹೊರಬರದಿದ್ದಾಗ ಬರುವುದು ಸೈನಸೈಟಿಸ್. ಮೂಗಿನ ಒಳಗೆ, ಈ ಕೋಣೆಗಳ ಒಳಗೆ, ಶ್ವಾಸನಾಳದ ಕೊಂಬೆಗಳ ಒಳಗೆ ಒಂದೇ ಬಗೆಯ ಲೋಳೆಪೊರೆ ಇದೆ. ಅದರ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳು. ಅವು ಹಗಲೂ ರಾತ್ರಿ ಗುಡಿಸುತ್ತಿರುತ್ತವೆ. ಮೂಗಿನ ರೋಮಗಳು ಕಸವನ್ನು ಹಿಂದಕ್ಕೆ ಗಂಟಲಿಗೆ ತಳ್ಳುತ್ತವೆ, ಎದೆಯವು ಮೇಲಕ್ಕೆ ಗಂಟಲಿಗೆ ತಳ್ಳುತ್ತವೆ. ಒಂದೇ ಮನೆಯ ಮಹಡಿ ಮತ್ತು ಕೆಳಮನೆಯನ್ನು ಒಬ್ಬಳೇ ಗುಡಿಸಿ ಕಸವನ್ನು ಒಂದೇ ಬಾಗಿಲಿಗೆ ತಂದ ಹಾಗೆ.

ಗುಡಿಸುವ ಕೆಲಸ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಅಪರೂಪದ ಉದಾಹರಣೆ ಇದೆ. 1933ರಲ್ಲಿ ಕಾರ್ಟಜನರ್ ಎಂಬ ಸ್ವಿಸ್ ವೈದ್ಯರು ಕೆಲವು ರೋಗಿಗಳನ್ನು ವರ್ಣಿಸಿದರು. ಅವರಿಗೆ ಬಿಡದ ಸೈನಸ್ ತೊಂದರೆ, ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಬ್ರಾಂಕಿಯೆಕ್ಟಾಸಿಸ್, ಮೇಲಾಗಿ ಹೃದಯ ಬಲಗಡೆ. 1976ರಲ್ಲಿ ಸ್ವೀಡನ್ನಿನ ಅಫ್ಜೇಲಿಯಸ್ ಇದರ ಮೂಲ ತೋರಿಸಿದರು: ಇವರ ರೋಮಗಳು ಹುಟ್ಟಿನಿಂದಲೇ ಆಡುವುದಿಲ್ಲ. ಒಂದೇ ದೋಷ, ಮೇಲೆ ಸೈನಸ್, ಕೆಳಗೆ ಶ್ವಾಸಕೋಶ. ಹಾಗಾಗಿ ಚಿಕ್ಕಂದಿನಿಂದ ಬಿಡದ ನೆಗಡಿ ಮತ್ತು ಬಿಡದ ಕಫದ ಕೆಮ್ಮು ಎರಡೂ ಇರುವ ಮಗುವನ್ನು ‘ಶೀತ ಪ್ರಕೃತಿ’ ಅಂತ ಸುಮ್ಮನಾಗಬಾರದು.

ಎರಡನೆಯ ನಂಟು ಇನ್ನೂ ಸರಳ. ಮೂಗು ನಮ್ಮ ದೇಹದ ಏರ್ ಕಂಡೀಷನರ್. ತಣ್ಣಗಿನ, ಒಣ, ಕೊಳೆ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಸೋಸಿ ಕೆಳಗೆ ಕಳಿಸುತ್ತದೆ. ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತೇವೆ. ಡಿಸೆಂಬರ್ ಬೆಳಗ್ಗೆ ಆರೂವರೆಗೆ ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡಲು ಕೆಳಗೆ ನಿಂತಾಗ ಆ ಐದು ಡಿಗ್ರಿಯ ಗಾಳಿ ಸೋಸದೆ ನೇರ ಎದೆಗೆ ಹೋಗುತ್ತದೆ. ಆಸ್ತಮಾ ಇರುವವರಿಗೆ ಅಷ್ಟು ಸಾಕು.

ಮೂರನೆಯದು ಗಂಟಲ ಹಿಂದೆ ಇಳಿಯುವ ಲೋಳೆ. ಮಲಗಿದರೆ ಕೆಮ್ಮು, ಬೆಳಗ್ಗೆ ಎದ್ದರೆ ಗಂಟಲು ಕೆರೆಯುವುದು, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದು. ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿಯುವ ಎಷ್ಟೋ ಜನರ ಕೆಮ್ಮಿನ ಮೂಲ ಮೂಗಿನಲ್ಲಿರುತ್ತದೆ.

ನಾಲ್ಕನೆಯದು ನನಗೆ ಅತ್ಯಂತ ಆಶ್ಚರ್ಯ ತಂದದ್ದು. 2000-2001ರ ಸುಮಾರಿಗೆ ನೆದರ್ಲೆಂಡ್ಸಿನ ವೈದ್ಯರು ಒಂದು ಪ್ರಯೋಗ ಮಾಡಿದರು. ಅಲರ್ಜಿ ಇರುವವರ ಮೂಗಿಗೆ ಮಾತ್ರ ಅಲರ್ಜಿಯ ವಸ್ತು ತಾಗಿಸಿದರು. ಕೆಲವು ಗಂಟೆಗಳ ನಂತರ ನೋಡಿದರೆ ಶ್ವಾಸನಾಳದಲ್ಲೂ ಉರಿಯೂತ ಕಾಣಿಸಿತು. ಇನ್ನೊಂದು ಪ್ರಯೋಗದಲ್ಲಿ ಶ್ವಾಸನಾಳಕ್ಕೆ ಮಾತ್ರ ತಾಗಿಸಿದರು, ಮೂಗಿನಲ್ಲಿ ಉರಿಯೂತ ಬಂತು. ಅಂದರೆ ಏನೋ ಸೋರಿ ಕೆಳಗೆ ಇಳಿದದ್ದಲ್ಲ, ರಕ್ತದ ಮೂಲಕ ಸುದ್ದಿ ಮುಟ್ಟಿದ್ದು. ಊರಿನ ಒಂದು ಮೂಲೆಯಲ್ಲಿ ಜಗಳವಾದರೆ ಇನ್ನೊಂದು ಮೂಲೆಯವರೂ ಕೋಲು ಹಿಡಿದು ನಿಂತ ಹಾಗೆ.

ಇದನ್ನೆಲ್ಲ ಸೇರಿಸಿಯೇ ವೈದ್ಯರು ‘ಒಂದೇ ಶ್ವಾಸಮಾರ್ಗ, ಒಂದೇ ಕಾಯಿಲೆ’ ಅನ್ನುವ ಮಾತು ತಂದರು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ತಜ್ಞರು ಸಭೆ ಸೇರಿ ‘ಏರಿಯಾ’ ಎಂಬ ಮಾರ್ಗಸೂಚಿ ಮಾಡಿದರು, 2001ರಲ್ಲಿ ಅದು ಪ್ರಕಟವಾಯಿತು. ಆಸ್ತಮಾ ಇರುವ ಹೆಚ್ಚಿನವರಿಗೆ ಮೂಗಿನ ಅಲರ್ಜಿ ಇದ್ದೇ ಇರುತ್ತದೆ, ಮೂಗಿನ ಅಲರ್ಜಿ ಇರುವ ನೂರು ಜನರಲ್ಲಿ 10ರಿಂದ 40 ಜನಕ್ಕೆ ಆಸ್ತಮಾ ಇರುತ್ತದೆ, ಆದ್ದರಿಂದ ಒಂದನ್ನು ನೋಡುವವರು ಇನ್ನೊಂದನ್ನು ಕೇಳಲೇಬೇಕು ಅನ್ನುವುದು ಅದರ ಸಾರ. ಡುಪಿಲುಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಅಮೆರಿಕದಲ್ಲಿ 2018ರಲ್ಲಿ ಆಸ್ತಮಾಗೆ, 2019ರಲ್ಲಿ ಮೂಗಿನ ಪಾಲಿಪ್‌ಗೆ ಅನುಮತಿ ಪಡೆಯಿತು. ಒಂದೇ ಔಷಧಿ ಎರಡೂ ಕಡೆ ಕೆಲಸ ಮಾಡುತ್ತದೆ ಅಂದರೆ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದಲ್ಲ.

ಇಲ್ಲಿ ಒಂದು ಎಚ್ಚರಿಕೆ. ‘ಮೂಗು ಸರಿಮಾಡಿಕೊಂಡರೆ ಆಸ್ತಮಾ ತಾನೇ ಹೋಗುತ್ತದೆ, ಇನ್ಹೇಲರ್ ಬಿಡಬಹುದು’ ಅಂತ ಯಾರೂ ಮನೆಗೆ ಹೋಗಬೇಡಿ. ಆಸ್ತಮಾ ಹತೋಟಿಯಲ್ಲಿಲ್ಲದವರಿಗೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ನೋಡಿದ ಒಂದು ಅಮೆರಿಕನ್ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ಪ್ರೇಯಿಂದ ಆಸ್ತಮಾ ಸುಧಾರಿಸಲಿಲ್ಲ. ಎರಡಕ್ಕೂ ಅದರದರ ಔಷಧಿ ಬೇಕು. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಸಾಲುವುದಿಲ್ಲ, ಒಂದನ್ನು ಮರೆತರೆ ಇನ್ನೊಂದು ಪೂರ್ತಿ ನಿಲ್ಲುವುದೂ ಇಲ್ಲ.

ಈಗ ನಮ್ಮ ನೋಯ್ಡಾಕ್ಕೆ ಬರೋಣ. ಅಕ್ಟೋಬರ್ ಬಂತೆಂದರೆ ನಾವು ಬೆಳಗ್ಗೆ ಎದ್ದು ದೇವರ ಮುಖ ನೋಡುವ ಮುಂಚೆ ‘ಸಮೀರ್’ ಆ್ಯಪ್ ನೋಡುತ್ತೇವೆ. ಪೈರಿನ ಕೂಳೆ ಸುಡುವುದು, ವಾಹನ, ಕಟ್ಟಡದ ಧೂಳು, ಕಾರ್ಖಾನೆ, ಮೇಲೆ ಗಾಳಿಯಿಲ್ಲದ ಚಳಿ. ಬಿಸಿ ಗಾಳಿಯ ಪದರ ಮೇಲೆ ಮುಚ್ಚಳದಂತೆ ಕೂತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ದಪ್ಪ ಕಣಗಳು, ಪಿಎಂ 10 ಅನ್ನುವುವು, ಹೆಚ್ಚಾಗಿ ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲಿ ಕೂರುತ್ತವೆ. ಕೂದಲಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಸಣ್ಣವಾದ ಪಿಎಂ 2.5 ಕಣಗಳು ಶ್ವಾಸಕೋಶದ ತುದಿಯ ತನಕ ಹೋಗುತ್ತವೆ. ಅಂದರೆ ಒಂದೇ ಗಾಳಿ ಮೇಲೂ ಕೆಳಗೂ ಏಟು ಕೊಡುತ್ತದೆ. 24 ಗಂಟೆಯ ಸರಾಸರಿಯಲ್ಲಿ ಪಿಎಂ 2.5 ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60. ನವೆಂಬರಿನಲ್ಲಿ ನಮ್ಮ ಸೆಕ್ಟರುಗಳ ಲೆಕ್ಕ ಇದನ್ನು ಎಷ್ಟು ಪಟ್ಟು ದಾಟುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ.

‘ರಿಟೈರ್ ಆಗಿ ಬೆಂಗಳೂರಿಗೆ ಹೋದರೆ ಎಲ್ಲ ಸರಿಹೋಗುತ್ತದೆ’ ಅನ್ನುವವರಿಗೂ ಒಂದು ಮಾತು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 18 ವರ್ಷದೊಳಗಿನ 20,000 ಮಕ್ಕಳ ಆಸ್ಪತ್ರೆ ದಾಖಲೆಗಳಿಂದ ತೋರಿಸಿದ್ದು ಇದು: 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಆಸ್ತಮಾ 1999ರಲ್ಲಿ 29.5ಕ್ಕೆ ಏರಿತ್ತು. ಶಾಲೆಗಳಲ್ಲಿ ನೋಡಿದಾಗ, ವಾಹನ ದಟ್ಟಣೆ ಇರುವ ಕಡೆಯ ಶಾಲೆಗಳಲ್ಲಿ ಶೇಕಡಾ 19.34, ಕಡಿಮೆ ಇರುವ ಕಡೆ 11.15. ಇನ್ನು ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಅನ್ನುವುದು, ಅದರ ಪರಾಗದಿಂದ ಮೂಗಿನ ಅಲರ್ಜಿ ಬರುವುದು ಅಲ್ಲಿನವರಿಗೆ ಹಳೆಯ ಸಂಗತಿ. ಊರು ಬದಲಾಯಿಸಿದರೆ ಶತ್ರು ಬದಲಾಗಬಹುದು, ಆದರೆ ಬಾಗಿಲು ಅದೇ ಮೂಗು.

ಹಳ್ಳಿಯ ಅಡುಗೆಮನೆಯನ್ನೂ ಮರೆಯಬಾರದು. ನಮ್ಮ ಅತ್ತೆ ಸೌದೆ ಒಲೆ, ಬಚ್ಚಲ ಹಂಡೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಮೂರರ ಹೊಗೆಯನ್ನೂ ನಲವತ್ತು ವರ್ಷ ಕುಡಿದವರು. ಮೈಸೂರಿನ ವೈದ್ಯರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರ ಲೆಕ್ಕ ಎಷ್ಟು ಸರಳ ನೋಡಿ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಬರುವ ಅಪಾಯ ಗಣನೀಯವಾಗಿ ಏರುತ್ತದೆ. ದಿನಕ್ಕೆ ನಾಲ್ಕು ಗಂಟೆ, ಹದಿನೈದು ವರ್ಷ, ಅಷ್ಟೇ ಸಾಕು. ಒಂದೂ ಬೀಡಿ ಸೇದದ ನಮ್ಮ ಅಜ್ಜಿಯಂದಿರು ಯಾಕೆ ರಾತ್ರಿಯಿಡೀ ಕೆಮ್ಮುತ್ತಿದ್ದರು ಅಂತ ನನಗೆ ಆಗ ಅರ್ಥವಾಯಿತು. ನಿಮ್ಮ ಅಮ್ಮನ ಲೆಕ್ಕ ಇವತ್ತು ರಾತ್ರಿ ಹಾಕಿ ನೋಡಿ. 60 ದಾಟಿದ್ದರೆ ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಒಮ್ಮೆ ಮಾಡಿಸಿ. ನೋವಿಲ್ಲ, ಸೂಜಿಯಿಲ್ಲ.

ದೆಹಲಿಯ ಇನ್ನೊಂದು ಸಂಗತಿ ಬೂಷ್ಟು. ಗೋಡೆಯ ತೇವ, ವರ್ಷಗಟ್ಟಲೆ ಬದಲಾಯಿಸದ ಕೂಲರ್ ಹುಲ್ಲು, ಇಲ್ಲೆಲ್ಲ ಶಿಲೀಂಧ್ರ ಬೆಳೆಯುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರಕ್ಕೆ ಅಲರ್ಜಿಯಾದ ಆಸ್ತಮಾ ರೋಗಿಗಳಿಗೆ ಶ್ವಾಸಕೋಶದಲ್ಲೂ ಸೈನಸ್‌ನಲ್ಲೂ ಒಟ್ಟಿಗೆ ಕಾಯಿಲೆ ಬರಬಹುದು. ದೆಹಲಿ ವಿಶ್ವವಿದ್ಯಾಲಯದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಡಾ. ಅಶೋಕ್ ಷಾ ಮತ್ತು ಸಂಗಡಿಗರು ಇಂಥ ರೋಗಿಗಳ ಬಗ್ಗೆ ಬಹಳ ಬರೆದಿದ್ದಾರೆ. ಕಂದು ಬಣ್ಣದ ಗಟ್ಟಿ ಕಫದ ತುಂಡು ಬರುವುದು ಇದರ ಒಂದು ಸುಳಿವು. ಎಕ್ಸ್‌ರೇ ನೋಡಿ ಇದನ್ನು ಟಿಬಿ ಅಂದುಕೊಳ್ಳುವುದೂ ಉಂಟು. ಇದಕ್ಕೆ ತಿರುಗುಮುರುಗೂ ಆಗಬಹುದು: ಎರಡು ವಾರ ಮೀರಿದ ಕೆಮ್ಮಿದ್ದರೆ ‘ಇದು ಸೈನಸ್ ಕೆಮ್ಮು’ ಅಂತ ನೀವೇ ತೀರ್ಮಾನ ಮಾಡದೆ ಕಫದ ಪರೀಕ್ಷೆ ಮಾಡಿಸಿ.

ಹಾಗಾದರೆ ನಾವು ಏನು ಮಾಡಬೇಕು? ನಾನು ಮನೆಯಲ್ಲಿ ಪಾಲಿಸುತ್ತಿರುವುದನ್ನು ಹೇಳುತ್ತೇನೆ.

ಮೊದಲನೆಯದು, ಹೆಸರು ಸರಿಯಾಗಿ ತಿಳಿದುಕೊಳ್ಳುವುದು. ಮೂಗು ಕಟ್ಟುವುದು ಅಥವಾ ಲೋಳೆ ಇಳಿಯುವುದು, ಜೊತೆಗೆ ಮುಖದ ಭಾರ ಅಥವಾ ವಾಸನೆ ಹೋಗುವುದು, ಇದು 12 ವಾರ ಮೀರಿದರೆ ದೀರ್ಘಕಾಲದ ಸೈನಸೈಟಿಸ್ ಇರಬಹುದು. ಬರೀ ತಲೆನೋವಿದ್ದು ಮೂಗು ಸ್ವಚ್ಛವಾಗಿದ್ದರೆ ಅದು ಹೆಚ್ಚಾಗಿ ಮೈಗ್ರೇನ್. ನಮ್ಮಲ್ಲಿ ಎಷ್ಟೋ ಜನ ಮೈಗ್ರೇನಿಗೆ ಸೈನಸ್ ಮಾತ್ರೆ ನುಂಗುತ್ತಿದ್ದೇವೆ.

ಎರಡನೆಯದು ಮೂಗು ತೊಳೆಯುವುದು. ಜಲನೇತಿ ನಮಗೆ ಹೊಸದಲ್ಲ. ಒಂದು ಲೋಟಕ್ಕೆ, ಅಂದರೆ ಸುಮಾರು 240 ಮಿ.ಲೀ. ನೀರಿಗೆ, ಅರ್ಧ ಟೀ ಚಮಚ ಉಪ್ಪು. ಆದರೆ ನೀರು ಮೂರರಿಂದ ಐದು ನಿಮಿಷ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು ಬೇಡ, ಆರ್‌ಒ ನೀರನ್ನೂ ಕುದಿಸಿಯೇ ಬಳಸಿ. ಮಿದುಳಿಗೆ ಹೋಗುವ ಅಮೀಬಾ ಮೂಗಿನ ಮೂಲಕವೇ ಹೋಗುವುದು.

ಮೂರನೆಯದು ಸ್ಪ್ರೇ. ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಸ್ಪ್ರೇ ದಿನಾ ಹಾಕಿದರೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ, ಎರಡು ದಿನ ಹಾಕಿ ಬಿಟ್ಟರೆ ಇಲ್ಲ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ, ತುದಿ ಕಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಒಂದೇ ನಿಮಿಷದಲ್ಲಿ ಮೂಗು ಬಿಡಿಸುವ ಡ್ರಾಪ್ಸ್ ಬೇರೆ. ಅದನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅದಿಲ್ಲದೆ ಬಿಡುವುದೇ ಇಲ್ಲ. ನಿಜವಾಗಿ ಚಟ ಹಿಡಿಸುವುದು ಅದು. ಪಾಪ, ಕೆಟ್ಟ ಹೆಸರು ಇನ್ಹೇಲರಿಗೆ.

ನಾಲ್ಕನೆಯದು ಅದೇ ಇನ್ಹೇಲರ್. "ಪಂಪ್ ಅಭ್ಯಾಸ ಆಗಿಬಿಡುತ್ತೆ" ಅನ್ನುವ ಮಾತು ಬಿಡೋಣ. ಕನ್ನಡಕ ಹಾಕಿದವರಿಗೆ ಕನ್ನಡಕದ ಚಟ ಅನ್ನುತ್ತೇವಾ? ಸ್ಪೇಸರ್ ಜೋಡಿಸಿ ಎಳೆದುಕೊಂಡು, ಬಾಯಿ ಮುಕ್ಕಳಿಸಿದರೆ ಆಯಿತು. ಹೆಣ್ಣು ನೋಡಲು ಬರುವವರು ಕಂಡಾರು ಅಂತ ಮಗಳ ಇನ್ಹೇಲರನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳು ಇವತ್ತಿಗೂ ಇವೆ. ಮದುವೆಯಾದ ಮೇಲೆ ಆ ಹುಡುಗಿ ಬಾತ್‌ರೂಮಿನಲ್ಲಿ ನಿಂತು ಎಳೆದುಕೊಳ್ಳಬೇಕು. ದಯವಿಟ್ಟು ಹೀಗೆ ಮಾಡಬೇಡಿ.

ಐದನೆಯದು ಮನೆಯ ಒಳಗಿನ ಗಾಳಿ. ಹೊರಗಿನ ಹೊಗೆ ಸರ್ಕಾರದ ಕೈಯಲ್ಲಿದೆ, ಒಳಗಿನದು ನಮ್ಮ ಕೈಯಲ್ಲಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಸೊಳ್ಳೆ ಪರದೆ ಕಟ್ಟಿ. ದೇವರಿಗೆ ದೀಪ ಹಚ್ಚಿ, ಧೂಪ ಅಗರಬತ್ತಿ ಕಡಿಮೆ ಮಾಡಿ, ದೇವರು ಕೋಪಿಸಿಕೊಳ್ಳುವುದಿಲ್ಲ. ಒಗ್ಗರಣೆ ಹಾಕುವಾಗ ಚಿಮಣಿ ಹಾಕಿ. ಕೆಟ್ಟ ದಿನಗಳಲ್ಲಿ ಬೆಳಗಿನ ವಾಕಿಂಗ್ ಬಿಡಿ. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಹಾಕಿ, ದುಪಟ್ಟಾ ಸಾಲದು.

ಇನ್ನೊಂದು ಅಡುಗೆಮನೆಯ ಮಾತು. ವಾಸನೆ ಹೋದವರಿಗೆ ಗ್ಯಾಸ್ ಸೋರಿದ್ದು ಗೊತ್ತಾಗುವುದಿಲ್ಲ. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಎಚ್ಚರಿಕೆಗೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಮೂಗು ಕೆಲಸ ಮಾಡದಿದ್ದರೆ ಆ ಎಚ್ಚರಿಕೆ ವ್ಯರ್ಥ. ಅಂಥವರು ಅಡುಗೆ ಮಾಡುವ ಮನೆಯಲ್ಲಿ ಗ್ಯಾಸ್ ಅಲಾರಂ ಹಾಕಿಸಿ.

ಕಾಯಬಾರದ ಲಕ್ಷಣಗಳನ್ನೂ ಹೇಳಿಬಿಡುತ್ತೇನೆ. ಉಬ್ಬಸದಲ್ಲಿ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಇನ್ಹೇಲರಿಗೆ ಇಳಿಯದಿದ್ದರೆ, ಸೈನಸ್ ತೊಂದರೆಯ ಜೊತೆ ಕಣ್ಣಿನ ಸುತ್ತ ಊದಿಕೊಂಡರೆ, ಎರಡೆರಡು ಕಂಡರೆ, ಜ್ವರದೊಂದಿಗೆ ಕತ್ತು ಬಿಗಿದರೆ ತಕ್ಷಣ ಆಸ್ಪತ್ರೆ. ಬೆಳಗಾಗಲಿ ಅಂತ ಕೂರಬೇಡಿ.

ಕೊನೆಯದಾಗಿ, ನನ್ನ ತಪ್ಪಿನಿಂದ ನಾನು ಕಲಿತದ್ದು. ಮೂರೂ ಡಾಕ್ಟರುಗಳು ಅವರವರ ಭಾಗವನ್ನು ಸರಿಯಾಗಿಯೇ ನೋಡಿದ್ದರು. ಮೂಳೆ ಡಾಕ್ಟರು "ಬೇರೆ ಕಾಯಿಲೆ ಇದೆಯಾ" ಅಂತ ಕೇಳಿದಾಗ "ಎಂತದೂ ಇಲ್ಲ" ಅಂದವರು ಅತ್ತೆಯೇ. ಯಾಕೆ ಅಂದರೆ ಶೀತ, ಕೆಮ್ಮು ಅವರಿಗೆ ಕಾಯಿಲೆ ಅನ್ನಿಸಿಯೇ ಇರಲಿಲ್ಲ. ಆದರೆ ಆ ಮಾತ್ರೆ ಆಗುವುದಿಲ್ಲ ಅಂತ ಅವರ ದೇಹಕ್ಕೆ ಗೊತ್ತಿತ್ತು. ಹಿಂದೆ ಎರಡು ಸಲ ಮೂಗು ಕಟ್ಟಿತ್ತಂತೆ. ಅವರು ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದೇ ಹಾಳೆ ಇದೆ. ಎಲ್ಲ ಕಾಯಿಲೆ, ಎಲ್ಲ ಮಾತ್ರೆ, ಆಗದ ಮಾತ್ರೆ ಮೇಲ್ಗಡೆ ಕೆಂಪು ಶಾಯಿಯಲ್ಲಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಆ ಹಾಳೆ. ಮೂಗಿನ ಡಾಕ್ಟರಿಗೆ ಎದೆಯ ವಿಷಯ, ಎದೆಯ ಡಾಕ್ಟರಿಗೆ ಮೂಗಿನ ವಿಷಯ, ಕೇಳದಿದ್ದರೂ ನಾವೇ ಹೇಳುತ್ತೇವೆ. ಇವತ್ತು ಮನೆಗೆ ಹೋಗಿ ನೀವೂ ಅಂಥದ್ದೊಂದು ಹಾಳೆ ಬರೆಯಿರಿ. ನಿಮ್ಮದನ್ನೂ ಬರೆದುಕೊಳ್ಳಿ, ಮನೆಯವರದೆಲ್ಲ ಬರೆದು ನಮ್ಮದನ್ನು ಬಿಡುವ ಅಭ್ಯಾಸ ನಮಗಿದೆ.

ಅತ್ತೆ ಈಗ ಚಳಿಗಾಲದಲ್ಲಿ ಊರಿನಲ್ಲೇ ಇರುತ್ತಾರೆ, ಬೇಸಿಗೆಗೆ ಮುಂಚೆ ಇಲ್ಲಿಗೆ ಬರುತ್ತಾರೆ. ಊರಿನಲ್ಲಿ ಬಚ್ಚಲಿಗೆ ಸೋಲಾರ್ ಬಂದಿದೆ. ಸ್ಪ್ರೇ, ಇನ್ಹೇಲರ್ ಎರಡೂ ಬಿಡದೆ ನಡೆದಿವೆ. ಕಳೆದ ಮಾರ್ಚಿನಲ್ಲಿ ನಾನು ಮೀಟಿಂಗ್‌ನಲ್ಲಿ ಮುಳುಗಿದ್ದಾಗ ಹಾಲಿನಿಂದ ಕೂಗಿದರು: "ಎಂತದೋ ಸೀದು ಹೋಗ್ತಾ ಇದೆ ನೋಡೇ!" ಪಲ್ಯ ಪೂರ್ತಿ ಕರಕಲಾಗಿತ್ತು. ಎಷ್ಟೋ ವರ್ಷಗಳ ನಂತರ ಅವರ ಮೂಗಿಗೆ ವಾಸನೆ ಬಂದಿತ್ತು. ಪಾತ್ರೆ ಉಜ್ಜುತ್ತಾ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು.